ಕೋವಿ ಕೈ ಬದಲಾಗುವಾಗ ವಿಚಾರಣೆ ಬೇಡವೇ?

ಮುಂಬಯಿ ಕನ್ನಡಿಗರ ಪಾಲಿಗೆ ಅಮೆರಿಕ ಈಗ ದೂರದ ದೇಶವಾಗಿ ಉಳಿದಿಲ್ಲ. ಡೊಂಬಿವಲಿ, ಮುಲುಂಡ್, ಬೊರಿವಲಿ, ನೆರೂಲ್ ಎಂದು ಯಾವ ಕಡೆ ಹೋದರೂ ಮಗನೋ ಮಗಳೋ ನ್ಯೂಜೆರ್ಸಿಯಲ್ಲಿಯೋ ಟೆಕ್ಸಾಸ್‌ನಲ್ಲಿಯೋ ಇರುವ ಮನೆಗಳು ಸಿಗುತ್ತವೆ. ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಇದ್ದು ಬಂದ ತಾಯಂದಿರು ಅಲ್ಲಿಯ ರಸ್ತೆ, ಅಂಗಡಿ, ಹಿಮ ಎಲ್ಲವನ್ನೂ ಬಣ್ಣಿಸಿ ಮುಗಿಸಿದ ಮೇಲೆ ಇನ್ನೊಂದು ಸಂಗತಿಯನ್ನೂ ಹೇಳುತ್ತಾರೆ. ಶಾಲೆಗೆ ಹೋಗುವ ಮೊಮ್ಮಗು ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಯುವಂತೆಯೇ, ಬಂದೂಕು ಹಿಡಿದವನೊಬ್ಬ ಒಳಗೆ ನುಗ್ಗಿದರೆ ದೀಪ ಆರಿಸಿ, ಬಾಗಿಲು ಭದ್ರಪಡಿಸಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕುಳಿತುಕೊಳ್ಳುವುದನ್ನೂ ಕಲಿಯುತ್ತದೆಯಂತೆ. ಐದು ವರ್ಷದ ಮಗುವಿಗೆ ಈ ಪಾಠ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಅಲ್ಲಿಯ ಒಂದು ಹಳೆಯ ಜಗಳಕ್ಕೆ ಬಂದು ಮುಟ್ಟಬೇಕಾಗುತ್ತದೆ. ಅಂಗಡಿಯವನಲ್ಲದ ಸಾಮಾನ್ಯ ಮನುಷ್ಯ ತನ್ನ ಬಂದೂಕನ್ನು ಇನ್ನೊಬ್ಬನಿಗೆ ಮಾರುವಾಗ ಕೊಳ್ಳುವವನ ಪೂರ್ವಾಪರ ವಿಚಾರಿಸಬೇಕೇ ಬೇಡವೇ ಎಂಬುದೇ ಆ ಜಗಳ.

ಭಾರತದಲ್ಲಿ ಕೇಳುವವರಿಗೆ ಇದೊಂದು ಜಗಳವಾಗಿರುವುದೇ ವಿಚಿತ್ರವೆನಿಸಬಹುದು. ಹಳೆಯ ಸ್ಕೂಟರ್ ಮಾರಿದರೂ ಆರ್‌ಟಿಓ ಕಚೇರಿಗೆ ಅಲೆಯಬೇಕಾದ ದೇಶದವರು, ಬಂದೂಕನ್ನು ಕಾಗದವೇ ಇಲ್ಲದೆ ಮಾರಬಹುದು ಎಂದರೆ ನಂಬುವುದು ಕಷ್ಟ. ಆದರೆ ಅಮೆರಿಕದ ಕೇಂದ್ರ ಕಾನೂನು ಇರುವುದೇ ಹಾಗೆ. ಪರವಾನಿಗೆ ಪಡೆದ ವ್ಯಾಪಾರಿಯ ಅಂಗಡಿಯಲ್ಲಿ ಕೊಳ್ಳುವವನು 4473 ಎಂಬ ಸಂಖ್ಯೆಯ ಅರ್ಜಿ ತುಂಬಬೇಕು, ಗುರುತಿನ ಚೀಟಿ ತೋರಿಸಬೇಕು. ಅಂಗಡಿಯವನು ಎಫ್‌ಬಿಐ ನಡೆಸುವ ವ್ಯವಸ್ಥೆಯಲ್ಲಿ ಹೆಸರು ಕೊಟ್ಟು ಕೇಳಬೇಕು. ಬಹುತೇಕ ಸಲ ನಿಮಿಷಗಳಲ್ಲೇ ಉತ್ತರ ಬರುತ್ತದೆ. ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು, ತಲೆಮರೆಸಿಕೊಂಡವರು, ಹೆಂಡತಿಯನ್ನು ಹೊಡೆದು ಶಿಕ್ಷೆಗೊಳಗಾದವರು, ನ್ಯಾಯಾಲಯದ ಆದೇಶದಂತೆ ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟವರು ಮುಂತಾದವರಿಗೆ ಬಂದೂಕು ಸಿಗುವಂತಿಲ್ಲ. ಅಷ್ಟೇ ಏಕೆ, ಎಚ್-1ಬಿ ವೀಸಾದ ಮೇಲೆ ಹೋದ ಇಂಜಿನಿಯರುಗಳಿಗೂ, ಓದಲು ಹೋದ ವಿದ್ಯಾರ್ಥಿಗಳಿಗೂ, ಬೇಟೆಯ ಪರವಾನಿಗೆಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಕೊಳ್ಳುವ ಹಕ್ಕಿಲ್ಲ.

ಇಷ್ಟೆಲ್ಲ ಅಂಗಡಿಯ ಒಳಗೆ. ಅದೇ ಊರಿನ, ಅದೇ ರಾಜ್ಯದ ಒಬ್ಬ ಖಾಸಗಿ ವ್ಯಕ್ತಿ ತನ್ನ ಕಪಾಟಿನಲ್ಲಿರುವ ಬಂದೂಕನ್ನು ಪತ್ರಿಕೆಯಲ್ಲೋ ಇಂಟರ್ನೆಟ್‌ನಲ್ಲೋ ಜಾಹೀರಾತು ಕೊಟ್ಟು, ಯಾವುದೋ ಪಾರ್ಕಿಂಗ್ ಜಾಗದಲ್ಲಿ ನಗದು ಎಣಿಸಿಕೊಂಡು ಮಾರಿದರೆ ಅರ್ಜಿಯೂ ಇಲ್ಲ, ವಿಚಾರಣೆಯೂ ಇಲ್ಲ. ಕೊಳ್ಳುವವನು ಅನರ್ಹನೆಂದು ತಿಳಿದಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಮಾರಬಾರದು ಎಂಬುದಷ್ಟೇ ನಿಯಮ. ಕೇಳದವನಿಗೆ ತಿಳಿಯುವುದಾದರೂ ಹೇಗೆ? ಕೇಳದೆ ಇದ್ದಷ್ಟೂ ಮಾರುವವನಿಗೆ ಕ್ಷೇಮ ಎಂದು ಕಾನೂನೇ ಹೇಳಿಕೊಟ್ಟಂತಾಗಿದೆ. ಸುಮಾರು 20 ರಾಜ್ಯಗಳು ತಮ್ಮದೇ ಕಾನೂನಿನಿಂದ ಈ ಕಂಡಿಯನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ ಮುಚ್ಚಿವೆ. ಕ್ಯಾಲಿಫೋರ್ನಿಯಾದಲ್ಲಿ 1991ರಿಂದಲೇ ಖಾಸಗಿ ಮಾರಾಟವೂ ಅಂಗಡಿಯವನ ಮೂಲಕವೇ ಆಗಬೇಕು. ಟೆಕ್ಸಾಸ್‌ನಲ್ಲಿ ಆ ಕಟ್ಟುಪಾಡಿಲ್ಲ.

ಈ ಪದ್ಧತಿ ಬಂದ ಬಗೆ ತಿಳಿದರೆ ವಾದ ಅರ್ಥವಾಗುತ್ತದೆ. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲ್ ಅಂಚೆಯ ಮೂಲಕ, ಸುಳ್ಳು ಹೆಸರಿನಲ್ಲಿ ತರಿಸಿಕೊಂಡದ್ದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಹತ್ಯೆಯಾದ ಮೇಲೆ ಬಂದೂಕು ನಿಯಂತ್ರಣ ಕಾಯಿದೆ ಬಂತು. ಆದರೆ ಆಗ ಕೊಳ್ಳುವವನು ತಾನು ಅಪರಾಧಿಯಲ್ಲ ಎಂದು ಬರೆದು ಸಹಿ ಹಾಕಿದರೆ ಸಾಕಿತ್ತು, ಅದು ನಿಜವೋ ಸುಳ್ಳೋ ನೋಡುವವರಿರಲಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದಾಗ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ತಲೆಗೆ ಪೆಟ್ಟಾಗಿ ಜೀವನಪೂರ್ತಿ ಅಂಗವಿಕಲರಾದರು. ಅವರೂ ಪತ್ನಿ ಸಾರಾ ಬ್ರೇಡಿಯವರೂ ವರ್ಷಗಟ್ಟಲೆ ಹೋರಾಡಿದ ಮೇಲೆ 1993ರಲ್ಲಿ ಕ್ಲಿಂಟನ್ ಸಹಿ ಮಾಡಿದ ಕಾಯಿದೆಗೆ ಬ್ರೇಡಿಯವರ ಹೆಸರೇ ಉಳಿಯಿತು. 1998ರ ನವೆಂಬರ್‌ನಲ್ಲಿ ಈಗಿನ ತತ್‌ಕ್ಷಣ ವಿಚಾರಣೆಯ ವ್ಯವಸ್ಥೆ ಆರಂಭವಾಯಿತು. ಖಾಸಗಿ ಮಾರಾಟ ಮಾತ್ರ ಹೊರಗೇ ಉಳಿಯಿತು.

ಅದರ ಫಲ ಕಾಣಲು ಬಹಳ ಕಾಲ ಕಾಯಬೇಕಾಗಲಿಲ್ಲ. 1999ರ ಏಪ್ರಿಲ್ 20ರಂದು ಕೊಲೊರಾಡೋದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ಹುಡುಗರು 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಅವರ ಕೈಯಲ್ಲಿದ್ದ ನಾಲ್ಕು ಬಂದೂಕುಗಳ ಪೈಕಿ ಮೂರನ್ನು ಬಂದೂಕು ಮೇಳವೊಂದರಲ್ಲಿ ಖಾಸಗಿ ಮಾರಾಟಗಾರರಿಂದ ಅವರ ಪರವಾಗಿ ಕೊಂಡುಕೊಟ್ಟವಳು ಹದಿನೆಂಟು ತುಂಬಿದ ಗೆಳತಿ. ವಿಚಾರಣೆ ಎಂಬುದೊಂದು ಇದ್ದಿದ್ದರೆ, ತನ್ನ ವಿವರ ಬರೆದುಕೊಡಬೇಕಾಗಿದ್ದರೆ, ತಾನು ಕೊಳ್ಳುತ್ತಲೇ ಇರಲಿಲ್ಲ ಎಂದು ಆಕೆ ಮುಂದೆ ರಾಜ್ಯ ಶಾಸಕರ ಮುಂದೆ ಹೇಳಿದಳು. ಅದೊಂದು ಮಾತಿನಲ್ಲಿ ಈ ಇಡೀ ವಾದದ ತಿರುಳಿದೆ. ವಿಚಾರಣೆ ಬರೀ ಪಾತಕಿಯನ್ನು ಹಿಡಿಯುವ ಬಲೆಯಲ್ಲ, ಬೇನಾಮಿಯಾಗಿ ಕೊಂಡುಕೊಡಲು ಹೊರಟ ಸಾಧಾರಣ ಮನುಷ್ಯನ ಕಾಲನ್ನು ಬಾಗಿಲಲ್ಲೇ ಹಿಂದೆಗೆಸುವ ಹೊಸ್ತಿಲೂ ಹೌದು. ಮರುವರ್ಷವೇ ಕೊಲೊರಾಡೋದ ಮತದಾರರು ಬಂದೂಕು ಮೇಳದ ಮಾರಾಟಕ್ಕೆಲ್ಲ ವಿಚಾರಣೆ ಬೇಕೆಂದು ಭಾರೀ ಬಹುಮತದಿಂದ ತೀರ್ಮಾನಿಸಿದರು.

ಬ್ಯಾಂಕಿನ ಕೌಂಟರ್ ಕಂಡವರಿಗೆ ಇದು ಹೊಸದಲ್ಲ. ಹಿಂದೆ ಖಾತೆ ತೆರೆಯಬೇಕಾದರೆ ಹಳೆಯ ಖಾತೆದಾರನೊಬ್ಬ ಪರಿಚಯದ ಸಹಿ ಹಾಕಬೇಕಿತ್ತು. ಮುಖವೇ ನೋಡದವನಿಗೂ ಊರಿನವನು, ಜಾತಿಯವನು, ಪಕ್ಕದ ಚಾಳಿನವನು ಎಂದು ಸಹಿ ಹಾಕಿಕೊಟ್ಟವರು ಎಷ್ಟೋ ಮಂದಿ. ಆ ಖಾತೆಯಲ್ಲಿ ಕದ್ದ ಚೆಕ್ ಜಮೆಯಾದ ಮೇಲೆ, ತನಗೇನೂ ಗೊತ್ತಿಲ್ಲ ಎನ್ನುತ್ತಿದ್ದರು. 2002ರಿಂದ ರಿಸರ್ವ್ ಬ್ಯಾಂಕ್ ಗ್ರಾಹಕರ ಗುರುತಿನ ನಿಯಮಗಳನ್ನು ಬಿಗಿ ಮಾಡುತ್ತಾ ಬಂದಾಗ ಗೊಣಗದ ಗ್ರಾಹಕನಿಲ್ಲ. ಇಪ್ಪತ್ತು ವರ್ಷದ ಖಾತೆದಾರನ ಹತ್ತಿರ ಫೋಟೋ ಕೇಳುತ್ತೀರಾ ಎಂದು ಜಗಳಕ್ಕೇ ಬರುತ್ತಿದ್ದರು. ಕೆವೈಸಿ ಬಂದ ಮೇಲೆ ವಂಚನೆ ನಿಂತಿದೆಯೇ? ಇಲ್ಲ. ಆದರೆ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಹುಡುಕಲು ಒಂದು ತುದಿಯಾದರೂ ಸಿಗುತ್ತದೆ. ಐದು ಸಾವಿರ ರೂಪಾಯಿಯ ಉಳಿತಾಯ ಖಾತೆಗೆ ಬೇಕಾದಷ್ಟು ಕಾಗದವೂ ಒಂದು ಪಿಸ್ತೂಲಿಗೆ ಬೇಡವೆನ್ನುವುದು ಯಾವ ಲೆಕ್ಕ?

ಅಮೆರಿಕದಲ್ಲಿ ಆ ತುದಿಯೇ ಕಡಿದುಹೋಗುತ್ತದೆ. ಅಪರಾಧ ನಡೆದ ಸ್ಥಳದಲ್ಲಿ ಬಂದೂಕು ಸಿಕ್ಕಿದರೆ ಅದರ ಮೇಲಿನ ಸಂಖ್ಯೆ ಹಿಡಿದು ಪೊಲೀಸರು ತಯಾರಕನಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯ ಕಡತದಿಂದ ಮೊದಲು ಕೊಂಡವನವರೆಗೆ ಹೋಗಬಹುದು. ಅವನು, ‘ಆರು ವರ್ಷದ ಹಿಂದೆ ಯಾರಿಗೋ ಮಾರಿಬಿಟ್ಟೆ, ಹೆಸರು ನೆನಪಿಲ್ಲ’ ಎಂದರೆ ಮುಗಿಯಿತು. 2015ರಲ್ಲಿ ನಡೆದ ರಾಷ್ಟ್ರವ್ಯಾಪಿ ಸಮೀಕ್ಷೆಯೊಂದರ ಪ್ರಕಾರ ಹಿಂದಿನ ಎರಡು ವರ್ಷಗಳಲ್ಲಿ ಬಂದೂಕು ಪಡೆದವರ ಪೈಕಿ ಶೇ. 22 ಮಂದಿ ಯಾವ ವಿಚಾರಣೆಯೂ ಇಲ್ಲದೆ ಪಡೆದಿದ್ದರು. ಮೊದಲೆಲ್ಲ ಶೇ. 40 ಎಂದು ಹೇಳುತ್ತಿದ್ದುದು 1994ರ ಹಳೆಯ ಸಮೀಕ್ಷೆಯ ಅಂಕಿ, ಅದನ್ನು ಈಗ ಹಿಡಿದು ವಾದಿಸುವುದು ಸರಿಯಲ್ಲ. ಆದರೆ ಐವರಲ್ಲಿ ಒಬ್ಬರೆಂದರೂ ಸಣ್ಣ ಸಂಖ್ಯೆಯಲ್ಲ. 2017ರ ಅಂದಾಜಿನಂತೆ ಆ ದೇಶದ ನಾಗರಿಕರ ಕೈಯಲ್ಲಿ 39 ಕೋಟಿಗೂ ಹೆಚ್ಚು ಬಂದೂಕುಗಳಿವೆ, ಅಂದರೆ ತಲೆಗೊಂದಕ್ಕಿಂತಲೂ ಹೆಚ್ಚು.

2019ರ ಆಗಸ್ಟ್ 31ರಂದು ಟೆಕ್ಸಾಸ್‌ನ ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾ ಊರುಗಳ ನಡುವೆ ಕಾರಿನಲ್ಲಿ ಹೋಗುತ್ತಾ ಒಬ್ಬಾತ ಏಳು ಮಂದಿಯನ್ನು ಕೊಂದ. ಅವನು 2014ರಲ್ಲಿ ಅಂಗಡಿಗೆ ಹೋಗಿ ವಿಚಾರಣೆಯಲ್ಲಿ ತಿರಸ್ಕೃತನಾದವನು. ಅಂದರೆ ವ್ಯವಸ್ಥೆ ತನ್ನ ಕೆಲಸ ಮಾಡಿತ್ತು. ಮುಂದೆ ಅವನಿಗೆ ರೈಫಲ್ ಸಿಕ್ಕಿದ್ದು ಒಬ್ಬ ಖಾಸಗಿ ಮಾರಾಟಗಾರನಿಂದ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಮನೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಹಾಗೆಂದು ಎದುರು ವಾದದವರೆಲ್ಲ ಹೃದಯವಿಲ್ಲದವರು ಎಂದು ತೀರ್ಪು ಕೊಡುವುದು ಅನ್ಯಾಯ. ಅವರ ಮಾತಿನಲ್ಲಿಯೂ ಹುರುಳಿದೆ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಎಳೆಯ ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಕೊಂದವನು ಬಳಸಿದ್ದು ತಾಯಿ ಕಾನೂನುಬದ್ಧವಾಗಿ ಕೊಂಡಿದ್ದ ಬಂದೂಕುಗಳನ್ನು. ಖಾಸಗಿ ಮಾರಾಟಕ್ಕೆ ವಿಚಾರಣೆ ಇದ್ದಿದ್ದರೂ ಅದು ತಪ್ಪುತ್ತಿರಲಿಲ್ಲ. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿ ಸತ್ತರು. ಅವರಲ್ಲಿ ಭಾರತ ಮೂಲದ ಒಬ್ಬ ಪ್ರಾಧ್ಯಾಪಕರೂ ಮುಂಬಯಿಯಿಂದ ಓದಲು ಹೋದ ಒಬ್ಬ ವಿದ್ಯಾರ್ಥಿನಿಯೂ ಇದ್ದರು. ಅಂದಿನ ಪತ್ರಿಕೆಗಳನ್ನು ಈ ನಗರದವರು ಮರೆತಿರಲಾರರು. ಕೊಂದವನು ವಿಚಾರಣೆಯಲ್ಲಿ ಪಾಸಾಗಿದ್ದ. ಅವನ ಮಾನಸಿಕ ಸ್ಥಿತಿಯ ಕುರಿತು ನ್ಯಾಯಾಲಯ ಕೊಟ್ಟಿದ್ದ ಆದೇಶ ಎಫ್‌ಬಿಐ ದಾಖಲೆಗೆ ತಲುಪಿರಲಿಲ್ಲ. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಒಂಬತ್ತು ಮಂದಿಯನ್ನು ಕೊಂದವನಿಗೆ, ಮೂರು ದಿನಗಳೊಳಗೆ ಉತ್ತರ ಬಾರದಿದ್ದರೆ ಅಂಗಡಿಯವನು ಕೊಟ್ಟುಬಿಡಬಹುದು ಎಂಬ ನಿಯಮದಡಿ ಪಿಸ್ತೂಲು ಸಿಕ್ಕಿತ್ತು. ಇರುವ ವ್ಯವಸ್ಥೆಯನ್ನೇ ನೆಟ್ಟಗೆ ನಡೆಸಲಾರದವರು ಇನ್ನಷ್ಟು ಕೇಳುವುದೇಕೆ ಎಂಬ ಪ್ರಶ್ನೆ ಅಲ್ಲಿಂದ ಬರುತ್ತದೆ.

ಸಂಶೋಧನೆಯೂ ಒಂದೇ ಸ್ವರದಲ್ಲಿ ಮಾತಾಡುವುದಿಲ್ಲ. ಕ್ಯಾಲಿಫೋರ್ನಿಯಾದ 1991ರ ಕಾನೂನಿನ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಬಂದೂಕಿನ ಕೊಲೆಗಳಲ್ಲಿ ಅದರಿಂದಾದ ಬದಲಾವಣೆ ಕಾಣಲಿಲ್ಲ. 2019ರಲ್ಲಿ ಮೈಸೂರಿನ ವಿದ್ಯಾರ್ಥಿಯೊಬ್ಬ ಗುಂಡಿಗೆ ಬಲಿಯಾದದ್ದು ಅದೇ ಕ್ಯಾಲಿಫೋರ್ನಿಯಾದಲ್ಲಿ. ಇನ್ನೊಂದೆಡೆ, ಮೊದಲೇ ಅನುಮತಿ ಪತ್ರ ಪಡೆದು ಬಂದೂಕು ಕೊಳ್ಳಬೇಕೆಂಬ ನಿಯಮವನ್ನು ಮಿಸ್ಸೌರಿ ರಾಜ್ಯ 2007ರಲ್ಲಿ ರದ್ದು ಮಾಡಿದ ಮೇಲೆ ಅಲ್ಲಿ ಬಂದೂಕಿನ ಕೊಲೆಗಳು ಹೆಚ್ಚಿದವೆಂದು ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಕಂಡುಕೊಂಡರು. ಎರಡನ್ನೂ ಜೊತೆಗಿಟ್ಟು ನೋಡಿದರೆ, ವಿಚಾರಣೆಯ ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಜಾರಿ ಮಾಡುವ ಕಾಗದಪತ್ರವೂ ಜೊತೆಗಿರಬೇಕು ಎಂದು ಅರ್ಥ ಮಾಡಿಕೊಳ್ಳುವುದು ಹೆಚ್ಚು ನ್ಯಾಯ. ವಿಚಾರಣೆಯೇ ವ್ಯರ್ಥ ಎಂಬ ತೀರ್ಮಾನಕ್ಕೆ ಇಷ್ಟರಿಂದ ಹಾರಲಾಗದು.

ಇಲ್ಲಿಯೇ ಇನ್ನೊಂದು ಭಯ ಅಡ್ಡ ಬರುತ್ತದೆ. ವಿಚಾರಣೆ ಎಲ್ಲರಿಗೂ ಬಂದರೆ ಮುಂದೆ ಬಂದೂಕು ಇರುವವರ ಪಟ್ಟಿ ತಯಾರಾಗುತ್ತದೆ, ಪಟ್ಟಿ ತಯಾರಾದರೆ ಸರ್ಕಾರ ಮನೆ ಬಾಗಿಲಿಗೆ ಬಂದು ಕಿತ್ತುಕೊಳ್ಳುತ್ತದೆ ಎಂದು ಅಲ್ಲಿಯ ಹಳ್ಳಿಗಾಡಿನವರು ನಂಬುತ್ತಾರೆ. 1791ರ ಎರಡನೇ ತಿದ್ದುಪಡಿ ಅವರಿಗೆ ಧರ್ಮಗ್ರಂಥದ ಮಾತಿದ್ದಂತೆ. ಅದು ವ್ಯಕ್ತಿಯ ಹಕ್ಕೇ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದರೆ ಅಂಥ ಕೇಂದ್ರ ಪಟ್ಟಿಯನ್ನು ಮಾಡುವಂತಿಲ್ಲ ಎಂದು 1986ರ ಕಾನೂನೇ ನಿಷೇಧಿಸಿದೆ. ವಿಚಾರಣೆಯಲ್ಲಿ ಪಾಸಾದವನ ಗುರುತಿನ ವಿವರವನ್ನು ಎಫ್‌ಬಿಐ 24 ಗಂಟೆಗಳೊಳಗೆ ಅಳಿಸಿಹಾಕಬೇಕು. ಮೊಬೈಲ್ ಸಿಮ್ ಕೊಳ್ಳಲೂ ಬೆರಳಚ್ಚು ಕೊಟ್ಟು ಅಭ್ಯಾಸವಾದ ದೇಶದವರಿಗೆ ಇಷ್ಟು ಎಚ್ಚರಿಕೆ ಬೆರಗು ಹುಟ್ಟಿಸೀತು!

ಹಳ್ಳಿಗಾಡಿನವರ ಆ ಅಭಿಮಾನ ಕನ್ನಡಿಗರಿಗೆ ತೀರ ಅಪರಿಚಿತವೂ ಅಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ನಡೆಯುತ್ತದೆ, ಗಂಡು ಮಗು ಹುಟ್ಟಿದರೆ ಗುಂಡು ಹಾರಿಸುವ ಸಂಪ್ರದಾಯವಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಿಗೆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ದಕ್ಷಿಣ ಕನ್ನಡ, ಉಡುಪಿಯ ಕೃಷಿಕರಲ್ಲಿ ಬೆಳೆ ರಕ್ಷಣೆಗೆಂದು ಪರವಾನಿಗೆಯ ಕೋವಿ ಇರುವ ಮನೆಗಳು ಇಂದಿಗೂ ಇವೆ. ಚುನಾವಣೆ ಬಂತೆಂದರೆ ಆ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಿ ರಶೀದಿ ಪಡೆಯಬೇಕು. ತೋಟಕ್ಕೆ ಕಾಡುಹಂದಿ, ಮಂಗ ನುಗ್ಗುವುದಕ್ಕೆ ಚುನಾವಣೆಯ ದಿನಾಂಕ ಗೊತ್ತಿಲ್ಲವಲ್ಲ ಎಂದು ಅವರು ಗೊಣಗುವುದರಲ್ಲಿ ತಪ್ಪಿಲ್ಲ. ಗೊಣಗುತ್ತಲೇ ಒಪ್ಪಿಸಿ ಬರುತ್ತಾರೆ ಎಂಬುದನ್ನೂ ಗಮನಿಸಬೇಕು.

ಇನ್ನು ಖಾಸಗಿ ಮಾರಾಟ. ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮು ಈ ಬಗ್ಗೆ ನೇರವಾಗಿ ಮಾತನಾಡುತ್ತದೆ. ಸ್ವಂತಕ್ಕೆಂದು ಇಟ್ಟುಕೊಂಡ ಪರವಾನಿಗೆಯ ಕೋವಿಯನ್ನು ಅರ್ಹನಾದ ಇನ್ನೊಬ್ಬನಿಗೆ ಮಾರಲು ಅಡ್ಡಿಯಿಲ್ಲ, ಆದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣಾಧಿಕಾರಿಗೋ ಮೊದಲೇ ಲಿಖಿತವಾಗಿ ತಿಳಿಸಿರಬೇಕು, ತಿಳಿಸಿ 45 ದಿನ ಕಳೆದಿರಬೇಕು. ಅಮೆರಿಕದವರು ಕೇಳುತ್ತಿರುವುದು ಕೆಲವು ನಿಮಿಷಗಳ ವಿಚಾರಣೆಯನ್ನು ಮಾತ್ರ.

ಭಾರತದ ಕಾನೂನನ್ನು ಹಾಗೆಯೇ ಎತ್ತಿ ಅಲ್ಲಿಗೆ ಇಡಬೇಕೆಂದು ಇದರ ಅರ್ಥವಲ್ಲ. ಇಲ್ಲಿ ಪರವಾನಿಗೆ ಸಿಗಲು ಎಷ್ಟು ಮೇಜುಗಳ ಮುಂದೆ ನಿಲ್ಲಬೇಕೆಂಬುದು ತೊಂಬತ್ತರ ದಶಕದಲ್ಲಿ ಹಫ್ತಾ ಕರೆಗಳಿಗೆ ಬೆದರಿ ಅರ್ಜಿ ಹಾಕಿದ ಮುಂಬಯಿಯ ಹೋಟೆಲಿನವರಿಗೆ ಗೊತ್ತು. ಕಾನೂನು ಅಷ್ಟು ಬಿಗಿಯಿದ್ದರೂ 1997ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರನ್ನು ಪವಾಯಿಯಲ್ಲಿ ಹಾಡಹಗಲೇ ಗುಂಡಿಟ್ಟು ಕೊಲ್ಲಲಾಯಿತು. ಈ ದೇಶದಲ್ಲಿ ಬಂದೂಕಿನಿಂದಾಗುವ ಕೊಲೆಗಳಲ್ಲಿ ಬಹುಪಾಲು ನಡೆಯುವುದು ಪರವಾನಿಗೆಯೇ ಇಲ್ಲದ ದೇಶಿ ಕಟ್ಟಾಗಳಿಂದ. ಆದರೂ ಇಲ್ಲಿ ಅಡ್ಡದಾರಿ ಹಿಡಿಯುವವನು ಕಳ್ಳಸಂತೆಯನ್ನು ಹುಡುಕಿಕೊಂಡು ಹೋಗಬೇಕು, ಸಿಕ್ಕಿಬಿದ್ದರೆ ಜೈಲು. ಅಲ್ಲಿ ಜಾಹೀರಾತು ಓದಿದರೆ ಸಾಕು.

ಅಮೆರಿಕದ ರಾಜಕಾರಣದಲ್ಲಿ ಈ ಪ್ರಶ್ನೆ ಪಟ್ಟ ಪಾಡು ನೋಡಿದರೆ ಅಯ್ಯೋ ಎನಿಸುತ್ತದೆ. 1999ರ ಮೇ ತಿಂಗಳಲ್ಲಿ ಬಂದೂಕು ಮೇಳಗಳಿಗೆ ವಿಚಾರಣೆ ಬೇಕೆಂಬ ತಿದ್ದುಪಡಿ ಸೆನೆಟ್‌ನಲ್ಲಿ ಸಮ ಸಮ ಮತ ಪಡೆದು, ಉಪಾಧ್ಯಕ್ಷ ಅಲ್ ಗೋರ್ ಅವರ ಒಂದು ಮತದಿಂದ ಗೆದ್ದು, ಕೆಳಮನೆಯಲ್ಲಿ ಮುಗ್ಗರಿಸಿತು. ಅದೇ ತಿಂಗಳು ಬಂದೂಕುದಾರರ ಪ್ರಬಲ ಸಂಘವಾದ ಎನ್‌ಆರ್‌ಎಯ ಮುಖ್ಯಸ್ಥರೇ ಸಂಸತ್ ಸಮಿತಿಯ ಮುಂದೆ ಮೇಳಗಳಲ್ಲಿ ತತ್‌ಕ್ಷಣ ವಿಚಾರಣೆ ಇರುವುದು ಸಮಂಜಸ ಎಂದಿದ್ದರು! 2013ರ ಹೊತ್ತಿಗೆ ಅದೇ ಸಂಘ ಅದಕ್ಕೆ ಕಡು ವಿರೋಧಿ. ಆ ವರ್ಷ ಡೆಮಾಕ್ರಟಿಕ್ ಪಕ್ಷದ ಜೋ ಮಂಚಿನ್, ರಿಪಬ್ಲಿಕನ್ ಪಕ್ಷದ ಪ್ಯಾಟ್ ಟೂಮಿ ಕೂಡಿ ತಂದ ಪ್ರಸ್ತಾಪ ಬಹಳ ಮೆದುವಾದದ್ದು. ಮೇಳದಲ್ಲಿ, ಜಾಹೀರಾತಿನ ಮೂಲಕ ಮಾರಿದರೆ ಮಾತ್ರ ವಿಚಾರಣೆ, ಅಪ್ಪ ಮಗನಿಗೆ, ಮಾವ ಅಳಿಯನಿಗೆ ಕೊಟ್ಟರೆ ಬೇಡ. ಅದಕ್ಕೂ 54 ಮತ ಬಿತ್ತು, ಬೇಕಾಗಿದ್ದುದು 60. ಅಭಿಪ್ರಾಯ ಸಂಗ್ರಹಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಒಪ್ಪುವ ವಿಷಯಕ್ಕೆ ಆದ ಗತಿ ಇದು. 2019ರಲ್ಲಿಯೂ 2021ರಲ್ಲಿಯೂ ಕೆಳಮನೆ ಪಾಸು ಮಾಡಿದ ಮಸೂದೆಗಳು ಸೆನೆಟ್‌ನ ಬಾಗಿಲು ದಾಟಲಿಲ್ಲ. 2022ರಲ್ಲಿ ಟೆಕ್ಸಾಸ್‌ನ ಉವಾಲ್ಡೆಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತ ಮೇಲೆ ಬಂದ ಕಾಯಿದೆ, ಲಾಭಕ್ಕಾಗಿ ಪದೇ ಪದೇ ಮಾರುವವನು ಪರವಾನಿಗೆ ಪಡೆಯಲೇಬೇಕು ಎಂಬಂತೆ ವ್ಯಾಪಾರದ ವ್ಯಾಖ್ಯೆಯನ್ನು ತುಸು ಹಿಗ್ಗಿಸಿತು. ಅದನ್ನು ಆಧರಿಸಿ 2024ರಲ್ಲಿ ಹೊರಟ ನಿಯಮಕ್ಕೆ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಕೆಲವು ರಾಜ್ಯಗಳ ಮಟ್ಟಿಗೆ ತಡೆ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಹಿಂದಿನ ಸರ್ಕಾರದ ಬಂದೂಕು ನಿಯಮಗಳನ್ನೆಲ್ಲ ಮರುಪರಿಶೀಲಿಸಲು ಆದೇಶಿಸಿದರು.

ಆದ್ದರಿಂದ ಕೇಂದ್ರದಲ್ಲಿ ಸದ್ಯಕ್ಕೆ ಏನಾದರೂ ಆದೀತೆಂದು ಕಾಯುವುದು ಬಿಸಿಲುಗುದುರೆಯ ಬೆನ್ನು ಹತ್ತಿದಂತೆ. ಕೆಲಸ ಆಗುತ್ತಿರುವುದು ರಾಜ್ಯಗಳಲ್ಲಿ, ಅದೂ ಎಷ್ಟೋ ಕಡೆ ಮತದಾರರ ನೇರ ತೀರ್ಮಾನದಿಂದ. ಬೇಟೆಯವರ ನಾಡೆನಿಸಿದ ಮೇಯ್ನ್ ರಾಜ್ಯದ ಮತದಾರರು 2016ರಲ್ಲಿ ಖಾಸಗಿ ಮಾರಾಟದ ವಿಚಾರಣೆಯನ್ನು ಸಣ್ಣ ಅಂತರದಿಂದ ತಿರಸ್ಕರಿಸಿದ್ದರು. 2023ರ ಅಕ್ಟೋಬರ್‌ನಲ್ಲಿ ಅಲ್ಲಿಯ ಲೂಯಿಸ್ಟನ್ ಊರಿನಲ್ಲಿ 18 ಮಂದಿ ಹತರಾದರು. 2024ರಲ್ಲಿ ಅಲ್ಲಿಯ ಶಾಸನಸಭೆ, ಜಾಹೀರಾತು ಕೊಟ್ಟು ಮಾರುವ ಬಂದೂಕಿಗೆ ವಿಚಾರಣೆಯನ್ನು ಕಡ್ಡಾಯ ಮಾಡಿತು.

ಗ್ರೀನ್ ಕಾರ್ಡ್ ದಾಟಿ ಅಲ್ಲಿಯ ಪೌರತ್ವ ಪಡೆದ ಕನ್ನಡಿಗರು ಈಗ ಸಣ್ಣ ಸಂಖ್ಯೆಯಲ್ಲಿಲ್ಲ. ಅವರ ಸಮ್ಮೇಳನಗಳಲ್ಲಿ ಯಕ್ಷಗಾನ, ಹಾಸ್ಯೋತ್ಸವ, ಹೋಳಿಗೆ ಊಟ ಎಲ್ಲವೂ ಸೊಗಸಾಗಿ ನಡೆಯುತ್ತವೆ. ರಾಜಕೀಯ ಬೇಡ ಎಂಬ ಸಂಕೋಚ ಅರ್ಥವಾಗುವಂಥದ್ದು. ಪರದೇಶದಿಂದ ಬಂದವರು ಅಲ್ಲಿಯವರಿಗೆ ಪ್ರೀತಿಯ ವಸ್ತುವಿನ ಬಗ್ಗೆ ಬಾಯಿ ಹಾಕುವುದೇಕೆ ಎಂಬ ಅಳುಕೂ ಇದೆ. ಆದರೆ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರಲು ಕಲಿಯುತ್ತಿರುವ ಮಕ್ಕಳಲ್ಲಿ ಅವರ ಮಕ್ಕಳೂ ಇದ್ದಾರೆ. ತಮ್ಮ ರಾಜ್ಯದಲ್ಲಿ ಖಾಸಗಿ ಮಾರಾಟಕ್ಕೆ ವಿಚಾರಣೆ ಇದೆಯೇ ಇಲ್ಲವೇ ಎಂದು ಸ್ಥಳೀಯ ಶಾಸಕರಿಗೆ ಒಂದು ಪತ್ರ ಬರೆದು ಕೇಳಲು ಅವರಿಗೆ ಪೂರ್ಣ ಅಧಿಕಾರವಿದೆ. ಮುಂಬಯಿಯಲ್ಲಿ ಕುಳಿತ ಅಜ್ಜ ಅಜ್ಜಿಯರು ಭಾನುವಾರದ ವಿಡಿಯೋ ಕರೆಯಲ್ಲಿ ಊಟ, ಹವೆ, ಪರೀಕ್ಷೆಗಳ ಜೊತೆಗೆ ಇದನ್ನೂ ಮಕ್ಕಳ ಬಳಿ ವಿಚಾರಿಸಬಹುದು.